ಗ್ರಂಥಾಲಯಶಾಸ್ತ್ರದ ನೂತನ ಪಾಠಕ್ರಮ: ಒಂದು ವಿಮರ್ಶೆ

ಗ್ರಂಥಗಳ ರಾಶಿಯು ಗ್ರಂಥಾಲಯವೆನಿಸದು. ಬೇಕಾದ ಗ್ರಂಥವು ಬೇಕಾದವನ ಕೈಗೆ ಸೇರಿದಾಗಲೇ ಆ ಹೆಸರು ಸಾರ್ಥಕವಾಗುವುದು. ಈ ತತ್ತ್ವವನ್ನು 1931ರಲ್ಲಿ ಪಂಚಸೂತ್ರಗಳಾಗಿ ನಿರೂಪಿಸಿದ ಎಸ್. ಆರ್. ರಂಗನಾಥನ್ನರು 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾಗಿ ಬೆಂಗಳೂರಿನಲ್ಲಿ ಡಾಕ್ಯುಮೆಂಟೇಶನ್ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಮೈಸೂರು ರಸ್ತೆಯಲ್ಲಿರುವ ಆ ಕೇಂದ್ರದಲ್ಲಿ ಹಿಂದಿನ ಅಸೋಸಿಯೇಟ್‌ಶಿಪ್ ಶಿಕ್ಷಣದ ಸ್ಥಾನಕ್ಕೆ ಈಗ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಸ್ನಾತಕೋತ್ತರ ಪದವಿಯು ಬಂದಿದೆ. ಗಣಕಯಂತ್ರದ ಕ್ರಮಲೇಖನ, ದತ್ತಸಂಚಯ, ಡಿಜಿಟಲ್ ಗ್ರಂಥಾಲಯ ಮೊದಲಾದ ವಿಷಯಗಳು ಪಾಠದಲ್ಲಿ ಸೇರಿವೆ. ಕಾಲಾನುಗುಣವಾದ ಈ ಮಾರ್ಪಾಡು ಯುಕ್ತವೇ ಸರಿ.

ಆದರೆ ಇಂತಹ ಮಾರ್ಪಾಡು ಎಲ್ಲಿ ನಡೆದರೂ ಒಂದು ಪ್ರಶ್ನೆ ವಿಚಾರಣೀಯವಾಗಿದೆ. ಹೊಸ ವಿಷಯಗಳಿಗೆ ಎಡೆಮಾಡಿಕೊಡುವಾಗ ವರ್ಗೀಕರಣ, ಸೂಚೀಕರಣಗಳನ್ನು ಸಂಕೋಚಗೊಳಿಸಬಹುದೆ? ಯಂತ್ರವು ಪ್ರತಿಯೊಂದು ಅಕ್ಷರವನ್ನೂ ಕ್ಷಣಾರ್ಧದಲ್ಲಿ ಶೋಧಿಸುವಾಗ ವರ್ಗೀಕರಣದ ಶ್ರಮವೇಕೆಂಬುದು ಪೂರ್ವಪಕ್ಷ.

ಕನ್ನಡದ ಉದಾಹರಣೆಯೇ ಇದಕ್ಕೆ ಉತ್ತರವಾಗಿದೆ. 'ವಿಕ್ರಮಾರ್ಜುನವಿಜಯ'ವೂ 'ಪಂಪಭಾರತ'ವೂ ಒಂದೇ ಕೃತಿ, 'ಗದುಗಿನ ಭಾರತ'ವೂ 'ಕರ್ಣಾಟ ಭಾರತ ಕಥಾಮಂಜರಿ'ಯೂ ಒಂದೇ, ಕುಮಾರವ್ಯಾಸನೇ ನಾರಣಪ್ಪ. ಅಕ್ಷರಸಾಮ್ಯವನ್ನು ಮಾತ್ರ ನೋಡುವ ಶೋಧನೆಗೆ ಇವು ಬೇರೆಬೇರೆ. ಈ ಐಕ್ಯವನ್ನು ಬಲ್ಲವನೊಬ್ಬನು ಸೂಚಿಯಲ್ಲಿ ಕಾಣಿಸದಿದ್ದರೆ ಗ್ರಂಥವು ಕಪಾಟಿನಲ್ಲಿದ್ದೂ ಓದುಗನ ಪಾಲಿಗೆ ಇಲ್ಲದಂತೆಯೇ. ಯಂತ್ರವು ಇಂದು ಅರ್ಥವನ್ನೂ ಊಹಿಸುವುದೆನ್ನಬಹುದು; ಆ ಊಹೆಯ ಸಾಧುತ್ವವನ್ನು ನಿರ್ಣಯಿಸಲು ಶಾಸ್ತ್ರಜ್ಞಾನವೇ ಬೇಕು.

1933ರಲ್ಲಿ ಪ್ರಕಟವಾಗಿ ಮುಂದೆ ಪರಿಷ್ಕೃತವಾದ ಕೋಲನ್ ವರ್ಗೀಕರಣವು ವಿಷಯವನ್ನು ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲಗಳೆಂಬ ಮುಖಗಳಲ್ಲಿ ವಿಭಜಿಸುತ್ತದೆ. ಕೊಡಗಿನಲ್ಲಿ ಒಂದು ಕಾಲದ ಕಿತ್ತಳೆ ಬೇಸಾಯವನ್ನು ಕುರಿತ ಗ್ರಂಥದಲ್ಲಿ ಕಿತ್ತಳೆಯು ವ್ಯಕ್ತಿತ್ವ, ಬೇಸಾಯವು ಶಕ್ತಿ, ಕೊಡಗು ದೇಶ. ವೈಶೇಷಿಕರ ಪದಾರ್ಥವಿಭಾಗವನ್ನು ಓದಿದವರಿಗೆ ಈ ಕ್ರಮವು ಅಪರಿಚಿತವೆನಿಸದು. ಎರಡರ ಪ್ರಯೋಜನ ಬೇರೆಯಾದರೂ ವಿವೇಚನೆಯ ಶಿಸ್ತು ಸದೃಶ. ಪರಿಕಲ್ಪನೆಗಳ ಸಂಬಂಧಗಳನ್ನು ಯಂತ್ರಕ್ಕೆ ತಿಳಿಸುವ 'ಆಂಟಾಲಜಿ' ಎಂಬ ಇಂದಿನ ವಿದ್ಯೆಗೂ ಇಂತಹ ವಿವೇಚನೆಯೇ ಬೇಕು. ಹೀಗಿರಲು ವರ್ಗೀಕರಣವು ಹೊಸ ವಿದ್ಯೆಗೆ ಪ್ರತಿಸ್ಪರ್ಧಿಯಲ್ಲ, ಅದರ ವ್ಯಾಕರಣ. ವ್ಯಾಕರಣವನ್ನು ಬಿಟ್ಟು ಕಾವ್ಯಪಾಠಕ್ಕೆ ತೊಡಗುವ ವಿದ್ಯಾರ್ಥಿಯ ಗತಿ ಅಧ್ಯಾಪಕರಿಗೆ ತಿಳಿಯದುದಲ್ಲ.

ಆದುದರಿಂದ ಕರ್ಣಾಟಕದಲ್ಲಿ ಈ ಶಾಸ್ತ್ರವನ್ನು ಬೋಧಿಸುವವರು ಪ್ರತಿಯೊಬ್ಬ ವಿದ್ಯಾರ್ಥಿಯಿಂದಲೂ ಕೆಲವು ಕನ್ನಡ ಗ್ರಂಥಗಳನ್ನು, ಸಾಧ್ಯವಾದರೆ ಒಂದು ಓಲೆಯ ಪ್ರತಿಯನ್ನೂ, ಯಂತ್ರವನ್ನು ಮುಟ್ಟುವ ಮೊದಲು ಸ್ವಹಸ್ತದಿಂದ ವರ್ಗೀಕರಿಸಿ ಸೂಚಿ ಬರೆಯಿಸುವುದು ಅವಶ್ಯಕ. ಪಾಠಕ್ರಮದ ಪರೀಕ್ಷೆಯು ಅದರ ನಾಮಧೇಯದಿಂದಾಗುವುದಿಲ್ಲ. ಪಂಪನನ್ನು ಅರಸಿ ಬಂದವನಿಗೆ ಪಂಪನು ದೊರೆತನೆ ಎಂಬುದರಿಂದಲೇ ಆಗತಕ್ಕದ್ದು.