ಕವಿಸಮಯ ಮತ್ತು ಯಂತ್ರಸಮಯ: ಕೃತಕ ಚಿತ್ರಗಳಲ್ಲಿ ನಿಸರ್ಗದ ಗ್ರಹಿಕೆ

ಕೃತಕ ಬುದ್ಧಿಮತ್ತೆಯು ರಚಿಸಿಕೊಡುವ ನಿಸರ್ಗಚಿತ್ರಗಳು ಸಾಮಾಜಿಕ ಜಾಲತಾಣಗಳಲ್ಲಿ ಹರಡುತ್ತಿರುವುದನ್ನು ಕುರಿತ ಚರ್ಚೆ ಬಹುಮಟ್ಟಿಗೆ ‘ನಿಜವೋ ಸುಳ್ಳೋ’ ಎಂಬ ಪ್ರಶ್ನೆಯಲ್ಲಿಯೇ ನಿಂತುಬಿಡುತ್ತದೆ. ಈ ಪ್ರಶ್ನೆ ಅಗತ್ಯವಾದುದೇ. ಆದರೆ ಅದಷ್ಟೇ ಸಾಲದು. ಕಾವ್ಯದ ನಿಸರ್ಗವೂ ಎಂದೂ ವಾಸ್ತವದ ಯಥಾಪ್ರತಿಯಾಗಿರಲಿಲ್ಲ. ಹಾಗಿರುವಾಗ, ಕವಿಯ ಕಲ್ಪನೆಯನ್ನು ಮನ್ನಿಸುವ ನಾವು ಯಂತ್ರದ ಕಲ್ಪನೆಯನ್ನು ಏಕೆ ಆಕ್ಷೇಪಿಸಬೇಕು ಎಂಬುದನ್ನು ಇಲ್ಲಿ ಪರಿಶೀಲಿಸಲು ಯತ್ನಿಸುತ್ತೇವೆ.

ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಕವಿಸಮಯಗಳನ್ನು ವಿಸ್ತಾರವಾಗಿ ಚರ್ಚಿಸಿದ್ದಾನೆ. ಚಕೋರವು ಬೆಳದಿಂಗಳನ್ನು ಕುಡಿಯುತ್ತದೆ. ನವಿಲಿನ ಕೇಕೆ, ನರ್ತನಗಳನ್ನು ಮಳೆಗಾಲದಲ್ಲಿಯೇ ವರ್ಣಿಸಬೇಕು. ಇಂಥವು ಲೋಕಸತ್ಯಗಳಲ್ಲ, ಕವಿ ಮತ್ತು ಸಹೃದಯರ ನಡುವಿನ ಒಡಂಬಡಿಕೆಗಳು. ಚಕೋರದ ಪದ್ಯವನ್ನು ಓದಿದ ಯಾರೂ ಹಕ್ಕಿಯ ಆಹಾರವನ್ನು ಅದರಿಂದ ನಿರ್ಧರಿಸಲಿಲ್ಲ. ಇನ್ನೊಂದು ಅಂಶವೂ ಗಮನಾರ್ಹ: ನವಿಲಿನ ನಿಯಮದ ಹಿಂದೆ ನೋಟವೊಂದು ಅಡಗಿದೆ. ಮಳೆಗಾಲದ ಆಸುಪಾಸಿನಲ್ಲಿಯೇ ಗಂಡು ನವಿಲು ಹೆಣ್ಣಿಗಾಗಿ ಗರಿಗೆದರುತ್ತದೆ. ಮಳೆ ಮುಗಿಯುವ ವೇಳೆಗೆ ಆ ಗರಿಗಳು ಉದುರತೊಡಗುತ್ತವೆ.

ಅದೇ ನವಿಲು ಯಂತ್ರದ ಕೈಯಲ್ಲಿ ಏನಾಯಿತೆಂಬುದು ವಿಚಾರಾರ್ಹ. ಜಾಲತಾಣಗಳಲ್ಲಿ ಹರಿದಾಡಿ, ಗೂಗಲ್ ಹುಡುಕಾಟದಲ್ಲಿಯೂ 2024ರಲ್ಲಿ ಮೇಲ್ಸಾಲಿಗೆ ಬಂದ ‘ನವಿಲುಮರಿ’ಯ ಚಿತ್ರಗಳಲ್ಲಿ ಅನೇಕವು ಕೃತಕವಾಗಿದ್ದವು: ನೀಲಿ ಕತ್ತು, ದೊಡ್ಡ ಕಣ್ಣು, ಬೆರಳುದ್ದದ ದೇಹಕ್ಕೆ ಬಣ್ಣಬಣ್ಣದ ಬಾಲ. ನಿಜವಾದ ನವಿಲುಮರಿ ಮಣ್ಣುಗಂದು ಬಣ್ಣದ್ದು. ಮೇಲ್ನೋಟಕ್ಕೆ ಕೋಳಿಮರಿಯಂತೆ ಕಾಣುತ್ತದೆ. ಗಂಡಿಗೆ ಪೂರ್ಣ ಗರಿ ಬರಲು ಸುಮಾರು ಮೂರು ವರ್ಷ ಬೇಕು. ಹದ್ದು, ಮುಂಗುಸಿಗಳ ಕಣ್ಣಿಗೆ ಬೀಳದಿರುವುದೇ ಆ ಮಂಕುಬಣ್ಣದ ಅರ್ಥ. ಅಸಂಖ್ಯ ಚಿತ್ರಗಳನ್ನೂ ಅವುಗಳ ಶೀರ್ಷಿಕೆಗಳನ್ನೂ ಓದಿಸಿ ಸಿದ್ಧಪಡಿಸಿದ ಯಂತ್ರವು ಹೆಚ್ಚು ಕಂಡದ್ದನ್ನೇ ಮರಳಿ ಕೊಡುತ್ತದೆ. ಗರಿಗೆದರಿದ ನವಿಲನ್ನು ಎಲ್ಲರೂ ಚಿತ್ರಿಸಿದ್ದಾರೆ. ಪೊದೆಯಲ್ಲಿ ಅಡಗಿದ ಮರಿಯನ್ನು ಕಂಡವರು ಕಡಿಮೆ. ಇದನ್ನು ನಾವು ‘ಯಂತ್ರಸಮಯ’ ಎಂದು ಕರೆಯಬಹುದು. ಇಲ್ಲಿ ರೂಢಿಯುಂಟು, ಒಡಂಬಡಿಕೆಯಿಲ್ಲ. ಛಾಯಾಚಿತ್ರದ ವೇಷದಲ್ಲಿ ಬರುವುದರಿಂದ ನೋಡುಗನಿಗೆ ತಾನು ಕಲ್ಪನೆಯನ್ನು ನೋಡುತ್ತಿದ್ದೇನೆಂಬ ಅರಿವೇ ಉಂಟಾಗುವುದಿಲ್ಲ.

ಇದರ ಪರಿಣಾಮ ಕೇವಲ ಸೌಂದರ್ಯಶಾಸ್ತ್ರಕ್ಕೆ ಸೀಮಿತವಲ್ಲ. 2025ರ ಮಾರ್ಚ್ ಕೊನೆಯಲ್ಲಿ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೊಂದಿಕೊಂಡ ಕಂಚ ಗಚ್ಚಿಬೌಲಿಯ ಸುಮಾರು 400 ಎಕರೆ ನೆಲದಲ್ಲಿ ಮರ ಕಡಿಯುವ ಕಾರ್ಯ ಆರಂಭವಾದಾಗ ವಿದ್ಯಾರ್ಥಿಗಳು ಪ್ರತಿಭಟಿಸಿದರು. ಅವರು ತೆಗೆದ ನಿಜವಾದ ದೃಶ್ಯಗಳ ಜೊತೆಯಲ್ಲಿಯೇ, ಬುಲ್ಡೋಜರುಗಳ ಮುಂದೆ ಓಡುವ ಜಿಂಕೆ, ನವಿಲುಗಳ ಕೃತಕ ಚಿತ್ರಗಳೂ ಹರಡಿದವು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟು ಮರ ಕಡಿಯುವುದಕ್ಕೆ ತಡೆ ನೀಡಿತು. ಸ್ಥಳವನ್ನು ನೋಡಿಬಂದ ನ್ಯಾಯಾಂಗ ರಿಜಿಸ್ಟ್ರಾರರ ವರದಿಯಲ್ಲಿ ಸುಮಾರು 100 ಎಕರೆ ನಾಶವಾಗಿರುವುದೂ, ಅಲ್ಲಿ ನವಿಲು, ಜಿಂಕೆಗಳಿರುವುದೂ ದಾಖಲಾಯಿತು. ಆದರೂ ಕೃತಕ ಚಿತ್ರಗಳೇ ಜನರನ್ನು ದಾರಿತಪ್ಪಿಸಿದವೆಂದು ರಾಜ್ಯ ಸರ್ಕಾರ ವಾದಿಸಿತು. ಜಿಂಕೆ ನಿಜ, ನವಿಲು ನಿಜ, ಚಿತ್ರ ಮಾತ್ರ ಸುಳ್ಳು. ಆ ಸುಳ್ಳು ಚಿತ್ರವೇ ನಿಜದ ಸಾಕ್ಷ್ಯವನ್ನು ಅನುಮಾನಕ್ಕೆ ಗುರಿಮಾಡಿತು.

ಇನ್ನೂ ಆಳವಾದ ನಷ್ಟವೊಂದಿದೆ. ಕಂಚ ಗಚ್ಚಿಬೌಲಿ ಮಲೆನಾಡಿನ ದಟ್ಟ ಅರಣ್ಯವಲ್ಲ. ದಖನ್ನಿನ ಬಂಡೆ, ಕುರುಚಲು, ಹುಲ್ಲು, ಕೆರೆಗಳ ನೆಲ. ನಕ್ಷತ್ರ ಆಮೆಯೂ ಅಲ್ಲಿಯ ನಿವಾಸಿ. ಇಂಥ ನೆಲವನ್ನು ‘ಪಾಳು’ ಎಂದು ಬರೆದುಕೊಳ್ಳುವುದು ಕಂದಾಯ ಇಲಾಖೆಗಳ ಹಳೆಯ ರೂಢಿ. ಅದರ ರಕ್ಷಣೆಗೂ ಸುಂದರ ಮೃಗಗಳ ಚಿತ್ರವೇ ಬೇಕೆಂದು ನಾವು ಒಪ್ಪಿದರೆ, ಸುಂದರವಲ್ಲದ ಕುರುಚಲನ್ನು ಉಳಿಸಲು ಕಾರಣವಿಲ್ಲವೆಂಬುದನ್ನೂ ಒಪ್ಪಿದಂತಾಗುತ್ತದೆ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಇಲ್ಲಿ ನೆನಪಿಗೆ ಬರುತ್ತದೆ. ಅಲ್ಲಿಯ ಹಾರುವ ಓತಿ ಕೇಳಿದೊಡನೆ ದೊರೆಯುವುದಿಲ್ಲ. ಬಹುಕಾಲ ಹುಡುಕಿ ಕಂಡಮೇಲೂ ಕೈಗೆ ಸಿಕ್ಕದೆ ತೇಲಿಹೋಗುತ್ತದೆ. ನಮ್ಮ ಅಪೇಕ್ಷೆಗೆ ಒಗ್ಗದಿರುವ ಈ ಗುಣವನ್ನೇ ಯಂತ್ರದ ಚಿತ್ರ ಅಳಿಸಿಹಾಕುತ್ತದೆ. ಆದುದರಿಂದ ಸಾಹಿತ್ಯ ಮತ್ತು ಪರಿಸರದ ಅಧ್ಯಯನದಲ್ಲಿ ಜಾಲತಾಣದ ಚಿತ್ರಗಳನ್ನು ಆಕರವಾಗಿ ಬಳಸುವವರು ಹಸ್ತಪ್ರತಿಗೆ ಕೇಳುವ ಪ್ರಶ್ನೆಗಳನ್ನೇ ಅವುಗಳಿಗೂ ಕೇಳಬೇಕೆಂಬುದು ನಮ್ಮ ಸೂಚನೆ: ಯಾರು ತೆಗೆದದ್ದು, ಎಲ್ಲಿ, ಯಾವ ದಿನ? ಈ ಮೂರಕ್ಕೂ ಉತ್ತರವಿಲ್ಲದ ಚಿತ್ರವು ನೋಡುಗರ ಅಪೇಕ್ಷೆಗೆ ದಾಖಲೆಯಾದೀತು; ಆ ನೆಲಕ್ಕೆ ದಾಖಲೆಯಾಗಲಾರದು.