ಬಡ್ಡಿಯಿಲ್ಲದ ಸಾಲ, ಬತ್ತದ ಹೊಳೆ

ಆಟ ಶುರುವಾಗುವ ಮೊದಲೇ ಒಂದು ಪ್ರಶ್ನೆ: ನಿಮ್ಮ ದ್ವೀಪ ಭೂಮಿಯ ಉತ್ತರಾರ್ಧದಲ್ಲಿರಲೋ, ದಕ್ಷಿಣಾರ್ಧದಲ್ಲಿರಲೋ? ನಾನು ಯೋಚಿಸದೆ ಉತ್ತರ ಎಂದೆ. ಅದರ ಅರ್ಥ ತಿಳಿದದ್ದು 2020ರ ಡಿಸೆಂಬರಿನಲ್ಲಿ. ಶ್ರೀನಿವಾಸಪುರದ ನಮ್ಮ ತೋಟದಲ್ಲಿ ಮಾವಿನ ಮರಗಳು ಹೂವಿಗೆ ಕಣ್ಣು ಬಿಡುತ್ತಿದ್ದವು. ಕೈಯಲ್ಲಿದ್ದ ಪರದೆಯ ಮೇಲೆ ನೆಲವೆಲ್ಲ ಹಿಮ. ‘ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್’ ಎಂಬ ಈ ಆಟದ ಗಡಿಯಾರ ನಮ್ಮ ಗಡಿಯಾರವೇ. ಇಲ್ಲಿ ಬೆಳಗಾದರೆ ಅಲ್ಲೂ ಬೆಳಗು, ಇಲ್ಲಿ ಭಾನುವಾರವಾದರೆ ಅಲ್ಲೂ ಭಾನುವಾರ. ಋತು ಮಾತ್ರ ಜಪಾನಿನದು. ಮುಂಗಾರು ಹಿಂಗಾರುಗಳ ಲೆಕ್ಕದಲ್ಲಿ ಬದುಕುವವರಿಗೆ ಅಲ್ಲಿ ಮೂರನೆಯ ಆಯ್ಕೆಯಿಲ್ಲ. ಇದನ್ನು ನಾನು ಈ ಆಟದ ಕೊರತೆ ಎಂದೇ ಎಣಿಸುತ್ತೇನೆ. ಆದರೂ ಅಂದಿನಿಂದ ಇಂದಿನವರೆಗೆ ನಾನೂ ಅಕ್ಕನ ಮಗಳೂ ಅದೇ ದ್ವೀಪದಲ್ಲಿ ಬಾಳುತ್ತಿದ್ದೇವೆ.

ನಿಂಟೆಂಡೊ ಈ ಆಟವನ್ನು ಬಿಡುಗಡೆ ಮಾಡಿದ್ದು 2020ರ ಮಾರ್ಚ್ 20ರಂದು. ನಾಲ್ಕು ದಿನ ಕಳೆಯುವಷ್ಟರಲ್ಲಿ ನಮ್ಮಲ್ಲಿ ಲಾಕ್‌ಡೌನ್ ಘೋಷಣೆಯಾಯಿತು. ಮನೆಯೊಳಗೆ ಸಿಕ್ಕಿಕೊಂಡ ಲೋಕಕ್ಕೆ ಒಂದು ಬಯಲು ಬೇಕಿತ್ತು, 4.5 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು. ಆದರೆ ಇದರ ಬೇರು ಇನ್ನೂ ಹಳೆಯದು. ಮೊದಲ ಆಟ ಜಪಾನಿನಲ್ಲಿ ಬಂದದ್ದು 2001ರ ಏಪ್ರಿಲ್ 14ರಂದು. ಅದನ್ನು ಕಲ್ಪಿಸಿದ ಕತ್ಸುಯಾ ಎಗುಚಿ ಕೆಲಸಕ್ಕಾಗಿ ಚಿಬಾ ಬಿಟ್ಟು ಕ್ಯೋಟೊಗೆ ಬಂದವರು, ಮನೆಯವರ ನೆನಪಿನಲ್ಲಿ ಒಂಟಿತನ ಉಂಡವರು. ಒಂದೇ ಊರಿನಲ್ಲಿ ಮನೆಮಂದಿ ಬೇರೆ ಬೇರೆ ಹೊತ್ತಿನಲ್ಲಿ ಬಂದು ಹೋಗಬಹುದು, ಹಗಲು ಒಬ್ಬರು ಬರೆದಿಟ್ಟ ಪತ್ರ ರಾತ್ರಿ ತಡವಾಗಿ ಬಂದವರಿಗೆ ಸಿಗಬೇಕು ಎಂಬುದು ಅದರ ಹೂರಣ.

ಅದೇ 2001ರ ಫೆಬ್ರುವರಿ 28ರಂದು ನಮ್ಮ ಕೋಲಾರ ಜಿಲ್ಲೆಯ ಕೆಜಿಎಫ್ ಚಿನ್ನದ ಗಣಿ ಮುಚ್ಚಿತ್ತು. ಅಲ್ಲಿನ ಮಾರಿಕುಪ್ಪಂನಲ್ಲಿ ಕತ್ತಲಿರುವಾಗಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ, ಮಕ್ಕಳು ಮಲಗಿದ ಮೇಲೆ ಮರಳುವ ತಂದೆ ತಾಯಂದಿರು ಆಮೇಲೆ ಎಷ್ಟು ಮಂದಿಯಾದರು! ಕ್ಯೋಟೊದಲ್ಲಿ ಹುಟ್ಟಿದ ಆಟದ ಒಳಗಿರುವ ಆ ನೋವು ನನಗೆ ಪರಕೀಯ ಅನ್ನಿಸದಿರುವುದು ಇದಕ್ಕೇ.

ಹೊಸಬರಿಗೆ ಮೊದಲ ದಿನದ ಕೆಲಸ ಇಷ್ಟೇ. ಟಾಮ್ ನೂಕ್ ಎಂಬ ವ್ಯಾಪಾರಿಯ ಏರ್ಪಾಟಿನಲ್ಲಿ ಪಾಳು ದ್ವೀಪವೊಂದಕ್ಕೆ ಇಳಿಯುತ್ತೀರಿ. ಒಂದು ಡೇರೆ, ಜೊತೆಗೆ ಇಬ್ಬರು ಪ್ರಾಣಿ ನೆರೆಯವರು. ಹತ್ತು ಒಣಕಡ್ಡಿ, ಆರು ಹಣ್ಣು ಆಯ್ದು ತಂದರೆ ಸಂಜೆ ಬೆಂಕಿಯ ಸುತ್ತ ಕೂತು ದ್ವೀಪಕ್ಕೆ ಹೆಸರಿಡುವ ಶಾಸ್ತ್ರ. ನಿದ್ದೆ ಮಾಡಿ ಎದ್ದರೆ ಕೈಗೆ ಬಿಲ್ಲು: ಅಲ್ಲಿನ ಹಣದಲ್ಲಿ 49,800 ಬೆಲ್ಸ್, ಅಥವಾ 5,000 ನೂಕ್ ಮೈಲ್ಸ್. ಮೈಲ್ಸ್ ಬರುವುದು ಕಳೆ ಕಿತ್ತಿದ್ದಕ್ಕೆ, ಮೀನು ಹಿಡಿದದ್ದಕ್ಕೆ, ನೆರೆಯವರನ್ನು ಮಾತಾಡಿಸಿದ್ದಕ್ಕೆ. ಆ ಬಿಲ್ಲು ತೀರಿಸಿದರೆ ಮನೆ ಕಟ್ಟಲು 98,000 ಬೆಲ್ಸ್ ಸಾಲ. ಮುಂದೆ ಕೋಣೆ, ಅಟ್ಟ, ನೆಲಮಾಳಿಗೆ ಎಂದು ಬೆಳೆದು ಕೊನೆಯ ಸಾಲ 24,98,000ಕ್ಕೆ ಮುಟ್ಟುತ್ತದೆ.

ಟಾಮ್ ನೂಕ್‌ನನ್ನು ಜಿಪುಣ ಸಾಹುಕಾರ ಎಂದು ಬೈಯುವುದು ಆಟಗಾರರಲ್ಲಿ ಹಳೆಯ ರೂಢಿ. ನಾನು ಒಪ್ಪುವುದಿಲ್ಲ. ಅವನ ಸಾಲಕ್ಕೆ ಬಡ್ಡಿಯಿಲ್ಲ, ವಾಯಿದೆಯಿಲ್ಲ, ವಾರದ ಕಂತಿಲ್ಲ. ವರ್ಷಗಟ್ಟಲೆ ಕಟ್ಟದಿದ್ದರೂ ಅವನು ನಗುತ್ತಲೇ ಮಾತಾಡಿಸುತ್ತಾನೆ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾದ ರಾಜ್ಯದಲ್ಲಿ ಕೂತು ಆಡುವವರಿಗೆ, ಈ ಆಟದ ನೆಮ್ಮದಿ ಎಲ್ಲಿಂದ ಬರುತ್ತದೆ ಎಂಬುದು ಬೇಗ ಹೊಳೆಯುತ್ತದೆ. ಅದು ಅಲೆಯ ಸದ್ದಿನಿಂದಲ್ಲ, ಚಿಟ್ಟೆಯಿಂದಲ್ಲ. ಬಾಗಿಲಿಗೆ ಯಾರೂ ಬಂದು ನಿಲ್ಲುವುದಿಲ್ಲ ಎಂಬ ಭರವಸೆಯಿಂದ.

ಇನ್ನು ಹಣ್ಣು. ಪ್ರತಿ ದ್ವೀಪಕ್ಕೂ ಹುಟ್ಟಿನಿಂದ ಒಂದು ಹಣ್ಣಿನ ಜಾತಿ: ಸೇಬು, ಚೆರ್ರಿ, ಕಿತ್ತಳೆ, ಪೀಚ್, ಪೇರ್, ಇವುಗಳಲ್ಲಿ ಯಾವುದೋ ಒಂದು. ಮರ ಅಲುಗಿಸಿದರೆ ಮೂರು ಹಣ್ಣು ಬೀಳುತ್ತವೆ, ಮೂರು ದಿನಕ್ಕೆ ಮತ್ತೆ ಮೂರು. ಬಾದಾಮಿ, ತೋತಾಪುರಿ, ನೀಲಂ ಎಂದು ಮರ ಮರಕ್ಕೂ ಹೆಸರು ಹೇಳುವ ತಾಲ್ಲೂಕಿನ ನನಗೆ ಈ ಆಟದಲ್ಲಿ ಮಾವಿಲ್ಲದ್ದು ನಿಜಕ್ಕೂ ಬೇಸರ ತಂದಿತು. ಇದೇ ಸರಣಿಯ 2012ರ ‘ನ್ಯೂ ಲೀಫ್’ನಲ್ಲಿ ಮಾವಿತ್ತು, ಹೊಸದರಲ್ಲಿ ತೆಗೆದುಬಿಟ್ಟಿದ್ದಾರೆ. ಹೂ ನಿಂತೀತೋ, ಜಿಗಿಹುಳು ಬಂದೀತೋ, ಆಲಿಕಲ್ಲು ಬಿದ್ದೀತೋ ಎಂಬ ಆತಂಕವೂ ಅದರೊಂದಿಗೆ ಹೋಯಿತು ಎನ್ನಿ.

ಆದರೆ ಹಣ್ಣಿನ ಬೆಲೆಯಲ್ಲಿ ಈ ಆಟ ಒಂದು ದೊಡ್ಡ ಮಾತನ್ನು ಹಿಡಿದಿದೆ. ನಿಮ್ಮ ಊರಿನ ಹಣ್ಣಿಗೆ ನಿಮ್ಮ ಅಂಗಡಿಯಲ್ಲಿ 100 ಬೆಲ್ಸ್. ಅದೇ ಹಣ್ಣನ್ನು ಅದು ಬೆಳೆಯದ ಗೆಳೆಯರ ದ್ವೀಪಕ್ಕೆ ಒಯ್ದರೆ 500. ಹೊಸಬರು ಮೊದಲ ವಾರದಲ್ಲೇ ಕಲಿಯಬೇಕಾದದ್ದು ಇದನ್ನು: ಪರ ಊರಿನ ಹಣ್ಣು ತಂದು ನೆಡಿ, ನಿಮ್ಮದನ್ನು ಕೊಟ್ಟು ಬನ್ನಿ. ಕೊಟ್ಟು ತರುವುದರಿಂದ ಇಬ್ಬರೂ ಬೆಳೆಯುತ್ತಾರೆ. ನಮ್ಮ ತೋತಾಪುರಿಗೂ ಬೆಲೆ ಗಡಿಯಾಚೆಯೇ, ಚಿತ್ತೂರಿನ ತಿರುಳು ಕಾರ್ಖಾನೆಗಳಲ್ಲಿ. 2025ರ ಜೂನಿನಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿಗೆ ತಡೆ ಹಾಕಿತು. ಶ್ರೀನಿವಾಸಪುರದಲ್ಲಿ ಬಂದ್ ಆಯಿತು, ಬೆಲೆ ನೆಲ ಕಚ್ಚಿತು, ಮುಖ್ಯಮಂತ್ರಿ ಆಂಧ್ರಕ್ಕೆ ಪತ್ರ ಬರೆಯಬೇಕಾಯಿತು. ಆ ವಾರ ಆಟದೊಳಗೆ ವಿಮಾನ ನಿಲ್ದಾಣದ ಗೇಟು ತೆರೆದು ಯಾರದೋ ದ್ವೀಪಕ್ಕೆ ಹಣ್ಣು ಹೊತ್ತು ಹೋಗುವಾಗ ನನ್ನ ಕೈ ಸ್ವಲ್ಪ ಹೊತ್ತು ನಿಂತಿತು.

ಆಟದ ಟರ್ನಿಪ್ ಗೆಡ್ಡೆ ಪೇಟೆಯೂ ನಮಗೆ ಗೊತ್ತಿರುವ ಪೇಟೆಯೇ. ಭಾನುವಾರ ಬೆಳಗ್ಗೆ ಡೇಸಿ ಮೇ ಎಂಬ ಹಂದಿಮರಿ ತಲೆಯ ಮೇಲೆ ಗೆಡ್ಡೆ ಹೊತ್ತು ಬರುತ್ತಾಳೆ. ಒಂದಕ್ಕೆ 90ರಿಂದ 110 ಬೆಲ್ಸ್. ಸೋಮವಾರದಿಂದ ಶನಿವಾರದವರೆಗೆ ಅಂಗಡಿಯ ದರ ದಿನಕ್ಕೆರಡು ಸಲ ಬದಲಾಗುತ್ತದೆ. ಒಮ್ಮೆ 600 ಮುಟ್ಟೀತು, ಒಮ್ಮೆ ಅಸಲೂ ಹುಟ್ಟದು. ಮುಂದಿನ ಭಾನುವಾರಕ್ಕೆ ಉಳಿದದ್ದೆಲ್ಲ ಕೊಳೆತ ಹಾಗೆಯೇ. ಜಪಾನಿ ಭಾಷೆಯಲ್ಲಿ ಈ ಗೆಡ್ಡೆಗೂ ಕಂಪನಿ ಷೇರಿಗೂ ಒಂದೇ ಪದ, ‘ಕಾಬು’. ಅವರಿಗೆ ಇದು ಷೇರುಪೇಟೆಯ ಆಟ. ನನಗೆ ಕಂಡದ್ದು ಕೋಲಾರದ ಎಪಿಎಂಸಿ, ನೀಲಿ ಕ್ರೇಟುಗಳ ಸಾಲು, ಹರಾಜಿನ ಕೂಗು. 2023ರ ಜುಲೈನಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದ್ದೂ ಅಲ್ಲೇ, ಸಾಗಣೆ ಖರ್ಚು ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದ ದಿನಗಳೂ ಅಲ್ಲಿನವೇ. ಆಟ ಇಲ್ಲಿ ಒಂದು ಕಡೆ ತಪ್ಪುತ್ತದೆ. ಅದರಲ್ಲಿ ನೀವು ಗೆಡ್ಡೆ ಕೊಂಡು ಮಾರುವವರು ಮಾತ್ರ, ಬೆಳೆದವರಲ್ಲ. ದರ 600 ಆದಾಗ ಬೆಳೆದವರಿಗೆ ಏನು ಸಿಕ್ಕಿತು ಎಂದು ಆಟ ಕೇಳುವುದಿಲ್ಲ. ಮೂಗಿನಿಂದ ಸಿಂಬಳ ತೂಗುವ ಆ ಪುಟ್ಟ ಹುಡುಗಿಯನ್ನು ಕಂಡಾಗಲೆಲ್ಲ ನಾನು ಕೇಳಿಕೊಳ್ಳುತ್ತೇನೆ.

ಆಟಕ್ಕೇ ಟೊಮೆಟೊ ಬಂದದ್ದು 2021ರ ನವೆಂಬರಿನ ದೊಡ್ಡ ಅಪ್‌ಡೇಟ್‌ನಲ್ಲಿ. ಗೋಧಿ, ಕಬ್ಬು, ಆಲೂಗಡ್ಡೆ, ಕ್ಯಾರೆಟ್ ಜೊತೆಗೆ. ಅದೇ ತಿಂಗಳು ಕೋಲಾರದಲ್ಲಿ ಬಿಡದೆ ಸುರಿದ ಮಳೆಗೆ ಹೊಲದ ಟೊಮೆಟೊ, ಕೊಯ್ಲಿಗೆ ನಿಂತ ರಾಗಿ ನೆಲಕ್ಕೊರಗಿದ್ದವು. ನಾನೂ ಅಕ್ಕನ ಮಗಳೂ ಜಗಲಿಯಲ್ಲಿ ಕೂತು, ಹೊರಗೆ ಹಾಳಾಗುತ್ತಿದ್ದ ಬೆಳೆಯನ್ನೇ ಒಳಗೆ ನೆಟ್ಟೆವು.

ನೀರಿನ ವಿಷಯದಲ್ಲಿ ಈ ಆಟಕ್ಕೂ ನಮಗೂ ದೂರ ಬಹಳ. ಅಲ್ಲಿ ಕೊಡಲಿ ಮುರಿಯುತ್ತದೆ, ಗಾಳ ಮುರಿಯುತ್ತದೆ, ನೀರು ಹಾಕುವ ಕ್ಯಾನೂ ಮುರಿದೀತು, ಬರಿದಾಗದು. ಹೊಳೆ ವರ್ಷವಿಡೀ ತುಂಬಿ ಹರಿಯುತ್ತದೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗೂ ದೂಳೇ ಬಂದ ಊರುಗಳು ಮುಳಬಾಗಿಲಿನಲ್ಲೂ ಇವೆ, ಮಾಲೂರಿನಲ್ಲೂ ಇವೆ. 2018ರ ಜೂನಿನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗ, ಶುದ್ಧತೆಯ ಬಗ್ಗೆ ಅನುಮಾನವಿದ್ದರೂ ಜನ ಏರಿಯ ಮೇಲೆ ನಿಂತು ನೋಡಿದರು. ನೀರಿನ ಚಿಂತೆಯನ್ನು ತೆಗೆದುಹಾಕಿ ಹಳ್ಳಿಯ ಬದುಕನ್ನು ಚಿತ್ರಿಸಿದರೆ ಅರ್ಧ ಹಳ್ಳಿಯಷ್ಟೇ ಉಳಿಯುತ್ತದೆ ಎಂಬುದು ನನ್ನ ದೃಢವಾದ ಮಾತು.

ಶುರು ಮಾಡುವವರಿಗೆ ಇನ್ನೊಂದು ಕಿವಿಮಾತಿದೆ. ಆಟ ಆಡುವ ಯಂತ್ರದ ದಿನಾಂಕವನ್ನು ಮುಂದಕ್ಕೆ ತಿರುಗಿಸಿ ಮರವನ್ನು ಬೇಗ ಬೆಳೆಸಬಹುದು, ಮನೆಯನ್ನು ಇವತ್ತೇ ಮುಗಿಸಬಹುದು. ಬಹಳ ಮಂದಿ ಹಾಗೆ ಮಾಡಿ ಒಂದು ವಾರಕ್ಕೇ ಬೇಸತ್ತು ಬಿಡುತ್ತಾರೆ. ಈ ಆಟದಲ್ಲಿ ಕೆಲಸ ದಿನಕ್ಕೆ ಅರ್ಧ ಗಂಟೆಯದು, ಉಳಿದದ್ದು ನಾಳೆಗೆ ಕಾಯುವುದು. ಸೇತುವೆಗೆ ಹಣ ಹಾಕಿದರೆ ಅದು ಏಳುವುದು ಮರುದಿನ ಬೆಳಗ್ಗೆ. ಸಸಿ ನೆಟ್ಟು ಕೈ ತೊಳೆದು ಎದ್ದು ಹೋಗುವ ಆ ಗಳಿಗೆಯನ್ನು ಇಷ್ಟು ಚೆನ್ನಾಗಿ ಹಿಡಿದ ಇನ್ನೊಂದು ಆಟವನ್ನು ನಾನು ಆಡಿಲ್ಲ.

ದ್ವೀಪಕ್ಕೆ ಮೂರು ನಕ್ಷತ್ರ ಬಂದು, ಕೆ.ಕೆ. ಸ್ಲೈಡರ್ ಎಂಬ ಹಾಡುಗಾರ ನಾಯಿ ಬಂದು ಹಾಡಿಹೋದ ಮೇಲೆ ನೆಲ ಅಗೆಯುವ, ಹೊಳೆ ತಿರುಗಿಸುವ ಅಧಿಕಾರ ಸಿಗುತ್ತದೆ. ಅಕ್ಕನ ಮಗಳು ಮಾಡಿದ ಮೊದಲ ಕೆಲಸ ಒಂದು ಕೆರೆ. ಒಂದು ಬದಿಗೆ ಮಣ್ಣೇರಿಸಿ ಏರಿ ಕಟ್ಟಿದಳು, ಏರಿಯ ಮೇಲೆ ಮರ ಸಾಲಿಟ್ಟಳು. ಒಂದು ಮೂಲೆಯಲ್ಲಿ ಕಲ್ಲುಹಾಸಿನ ಇಳಿಜಾರು.

“ಅದೇನು?”

“ಕೋಡಿ.”

“ಇಲ್ಲಿ ನೀರು ಏರುವುದೂ ಇಲ್ಲ, ಇಳಿಯುವುದೂ ಇಲ್ಲವಲ್ಲ. ಕೋಡಿ ಯಾಕೆ?”

2021ರ ಆ ನವೆಂಬರಿನಲ್ಲಿ, ಎಷ್ಟೋ ವರ್ಷದ ಮೇಲೆ ನಮ್ಮ ಕೆರೆ ಕೋಡಿ ಹೋದಾಗ ಅವಳೂ ಊರ ಜನರೊಂದಿಗೆ ನೋಡಲು ಓಡಿದ್ದಳು. ಪರದೆಯಿಂದ ಕಣ್ಣೆತ್ತದೆ ಹೇಳಿದಳು: “ಕೆರೆ ಅಂದ್ಮೇಲೆ ಕೋಡಿ ಬೇಕಲ್ವಾ.”