ಕೈ ಹಗುರಾಗುವ ಗಳಿಗೆ

ಸಿಮ್ ರೇಸಿಂಗಿಗೆ ವ್ಹೀಲ್ ಕೊಂಡರೆ ಒಂದು ಲ್ಯಾಪಿನಲ್ಲಿ ಎಷ್ಟು ಸೆಕೆಂಡ್ ಉಳಿಯುತ್ತದೆ ಎಂದು ಈ ವಾರ ಲೆಕ್ಕ ಕೊಡುತ್ತೇನೆಂದಿದ್ದೆ. ಅದಕ್ಕೆಂದೇ ಮಂಗಳವಾರ ರಾತ್ರಿ ಅಸೆಟ್ಟೊ ಕೋರ್ಸಾ ಎಂಬ ರೇಸಿಂಗ್ ಸಿಮ್ಯುಲೇಟರ್ ತೆರೆದು, ಲೋಟಸ್ ಎಲೀಸ್ ಕಾರು ಹತ್ತಿ ರೇಸ್ ಟ್ರ್ಯಾಕ್ ಆದ ನಾರ್ಡ್‌ಶ್ಲೈಫೆಗೆ ಇಳಿದೆ. 20.8 ಕಿಲೋಮೀಟರಿನ ಸುತ್ತು. ಫುಕ್ಸ್‌ರೋರೆಯ ತಳ ಮುಟ್ಟುವಷ್ಟರಲ್ಲಿ ಸೆಕೆಂಡಿನ ಲೆಕ್ಕ ಮರೆತೇಹೋಯಿತು.

ಆ ಕಡಿದಾದ ಇಳಿಜಾರು ಮುಗಿದು ಏರು ಶುರುವಾಗುವಲ್ಲಿ ಕಾರು ನೆಲಕ್ಕೆ ಕುಸಿದಂತೆ ಕೂರುತ್ತದೆ. ಮುಂದಿನ ಟೈರುಗಳ ಮೇಲೆ ಭಾರ ಒಮ್ಮೆಲೇ ಏರುತ್ತದೆ. ಎಲೀಸ್‌ಗೆ ಪವರ್ ಸ್ಟಿಯರಿಂಗ್ ಇಲ್ಲ, ಹಾಗಾಗಿ ಅಲ್ಲಿ ನಡೆಯುವುದೆಲ್ಲ ಸೀದಾ ಅಂಗೈಗೆ ಬರಬೇಕು. ನನ್ನ ವ್ಹೀಲ್ ಬಿಗಿಯಾಗಿತ್ತು, ಆದರೆ ಅದರಲ್ಲಿ ಯಾವ ಸುದ್ದಿಯೂ ಇರಲಿಲ್ಲ. ಆಟದ ಪೆಡಲ್ ಆ್ಯಪ್ ನೋಡಿದರೆ, ವ್ಹೀಲ್ ಕೈಗೆ ಕೊಡುವ ಬಲದ, ಅಂದರೆ ಫೋರ್ಸ್ ಫೀಡ್‌ಬ್ಯಾಕಿನ ಪಟ್ಟಿ ಕೆಂಪಾಗಿ ನಿಂತಿದೆ. ಕ್ಲಿಪ್ಪಿಂಗ್, ಅಂದರೆ ವ್ಹೀಲಿನ ಮೋಟರ್ ತನ್ನ ಮಿತಿ ಮುಟ್ಟಿದೆ. ಹಿಂದಿನ ಭಾನುವಾರ ಆಡಲು ಬಂದ ನೆಂಟರ ಹುಡುಗ ಆ ಬಲದ ಪ್ರಮಾಣವಾದ ಗೇನ್ ಅನ್ನು 100ಕ್ಕೆ ಏರಿಸಿ ಹೋಗಿದ್ದ.

ಹುಡುಗನ ತಪ್ಪಲ್ಲ. ಭಾರವಾಗಿದ್ದರೆ ನಿಜದಂತಿರುತ್ತದೆ ಎಂದು ಅವನಿಗೆ ಹೇಳಿಕೊಟ್ಟವರು ಈ ಹವ್ಯಾಸದಲ್ಲಿ ಬಹಳ ಜನ ಇದ್ದಾರೆ. ಅವರೊಂದಿಗೆ ನನ್ನ ಜಗಳ ಹಳೆಯದು. ಗೇರಿನಿಂದ ನಡೆಯುವ ಲಾಜಿಟೆಕ್ ಜಿ29 ವ್ಹೀಲ್ ಕೊಡುವ ತಿರುಚುಬಲ 2 ನ್ಯೂಟನ್ ಮೀಟರಿನ ಆಸುಪಾಸು. ಫ್ಯಾನಟೆಕ್‌ನ ಸಿಎಸ್ಎಲ್ ಡಿಡಿ 5, ದೊಡ್ಡ ಪವರ್ ಸಪ್ಲೈ ಜೋಡಿಸಿದರೆ 8. ಲಾಜಿಟೆಕ್‌ನದೇ ಜಿ ಪ್ರೊ 11. ಅಂಕಿ ಏರಿದಂತೆ ಮನುಷ್ಯ ವೇಗವಾಗುತ್ತಾನೆಂದು ಇವರು ನಂಬಿದ್ದಾರೆ. ಕೊನೆಯ ಎರಡರಂತೆ ಮೋಟರಿಗೇ ನೇರವಾಗಿ ಜೋಡಿಸಿದ ಡೈರೆಕ್ಟ್ ಡ್ರೈವ್ ಒಳ್ಳೆಯದೇ, ನಾನೂ ಮೆಚ್ಚುತ್ತೇನೆ: ನಡುವೆ ಹಲ್ಲಿಲ್ಲ, ಬೆಲ್ಟಿಲ್ಲ, ನಡುಬಿಂದುವಿನಲ್ಲಿ ಸಡಿಲವಿಲ್ಲ, ಮೆಲುದನಿಗೂ ಜೋರುದನಿಗೂ ನಡುವೆ ಬೇಕಾದಷ್ಟು ಅಂತರ. ಆ ಅಂತರವನ್ನೆಲ್ಲ ಜೋರುದನಿಗೇ ಸುರಿದವನಿಗೆ 11 ನ್ಯೂಟನ್ ಮೀಟರಿನಲ್ಲೂ ಸಿಗುವುದು ನನಗೆ ಮಂಗಳವಾರ ಸಿಕ್ಕಿದ್ದೇ.

ಕಳೆದುಹೋಗುವುದೇನು ಎಂಬುದಕ್ಕೆ ಟೈರಿನ ಹತ್ತಿರವೇ ಹೋಗಬೇಕು. ತಿರುವಿನಲ್ಲಿ ಟೈರು ರಸ್ತೆಯನ್ನು ಹಿಡಿಯುವ ಬಲದ ಕೇಂದ್ರ, ನೆಲಕ್ಕೆ ತಾಗಿದ ಭಾಗದ ನಟ್ಟನಡುವೆ ಇರುವುದಿಲ್ಲ. ಕೊಂಚ ಹಿಂದೆ ಇರುತ್ತದೆ. ಆ ಕೊಂಚ ದೂರವೇ ಸನ್ನೆಯಾಗಿ ಚಕ್ರವನ್ನು ನೇರಕ್ಕೆ ಎಳೆಯುತ್ತದೆ, ನಮ್ಮ ಕೈಗೆ ಭಾರವಾಗುತ್ತದೆ. ತಿರುವು ಹೆಚ್ಚಿಸುತ್ತಾ ಹೋದಂತೆ ಟೈರಿನ ಹಿಂಬದಿ ಮೊದಲು ಜಾರತೊಡಗಿ, ಬಲದ ಕೇಂದ್ರ ಮುಂದಕ್ಕೆ ಸರಿಯುತ್ತದೆ, ಸನ್ನೆ ಗಿಡ್ಡವಾಗುತ್ತದೆ. ಹಿಡಿತ ಇನ್ನೂ ಏರುತ್ತಲೇ ಇರುವಾಗ ಕೈಯ ಭಾರ ಆಗಲೇ ಇಳಿಯಲು ಶುರು! ಈ ಕಸುಬಿನಲ್ಲಿ ನನಗೆ ಇದಕ್ಕಿಂತ ಚೆಂದದ ಸಂಗತಿ ಗೊತ್ತಿಲ್ಲ. ಆಷಾಢದಲ್ಲಿ ಗಾಳಿಪಟ ಹಾರಿಸಿದವರಿಗೆ ಇದು ಹೊಸದಲ್ಲ. ಪಟ ಇನ್ನೂ ಮೇಲೇ ಇರುತ್ತದೆ, ಬೆರಳಿನ ಮೇಲೆ ದಾರ ಮಾತ್ರ ಮೆತ್ತಗಾಗುತ್ತದೆ.

ನಿಜವಾದ ಕಾರಿನಲ್ಲಿ ಸೀಟು, ಸೊಂಟ, ಒಳಕಿವಿ ಎಲ್ಲವೂ ಜಾರಿಕೆಯ ಸುಳಿವು ಕೊಡುತ್ತವೆ. ಮನೆಯ ಕುರ್ಚಿ ಅಲ್ಲಾಡುವುದಿಲ್ಲ. ಕಣ್ಣಿಗೆ ಕಾಣುವುದು ಕಾರು ದಾರಿ ತಪ್ಪಿದ ಮೇಲೆ. ಉಳಿದದ್ದು ಕೈ ಒಂದೇ. ಗೇನ್ ಅತಿಯಾಗಿ ಮೋಟರ್ ತನ್ನ ಮಿತಿಗೆ ಬಡಿದು ನಿಂತಾಗ ಆ ಇಳಿತವೇ ಚಪ್ಪಟೆಯಾಗಿಬಿಡುತ್ತದೆ. ಹಿಂಚಕ್ರ ಜಾರಿದಾಗಲೂ ಇದೇ ಕಥೆ: ಸ್ಟಿಯರಿಂಗ್ ಅಕ್ಷದ ಓರೆಯಾದ ಕ್ಯಾಸ್ಟರಿನಿಂದಾಗಿ ಮುಂಚಕ್ರಗಳು ತಾವಾಗಿಯೇ ಜಾರುವ ದಿಕ್ಕಿಗೆ ಹೊರಳುತ್ತವೆ, ಹಿಡಿತ ಸಡಿಲಿಸಿ ವ್ಹೀಲನ್ನು ಅಂಗೈಯೊಳಗೆ ಓಡಲು ಬಿಟ್ಟರೆ ಅರ್ಧ ಕೆಲಸ ಅದೇ ಮಾಡುತ್ತದೆ. ಭಾರದೊಂದಿಗೆ ಗುದ್ದಾಡುತ್ತಾ ಮುಷ್ಟಿ ಕಟ್ಟಿದವನಿಗೆ ಆ ಸಹಾಯವಿಲ್ಲ.

ಅಸೆಟ್ಟೊ ಕೋರ್ಸಾದಲ್ಲೇ ಇರುವ ಅಂಡರ್‌ಸ್ಟಿಯರ್ ಹಿಗ್ಗಿಸುವ ಆಯ್ಕೆಯ ಬಗ್ಗೆ ಒಂದು ಮಾತು. ಮುಂಚಕ್ರ ಜಾರಿದಾಗ ಅದು ಕೈಯನ್ನು ಇನ್ನಷ್ಟು ಹಗುರ ಮಾಡುತ್ತದೆ. ಕಲಿಯುವವರು ಒಂದು ವಾರ ಇಟ್ಟುಕೊಳ್ಳಲಿ, ಆಮೇಲೆ ಆರಿಸಲಿ. ಕೂಗಿ ಹೇಳಿದ್ದನ್ನೇ ಕೇಳಿ ಅಭ್ಯಾಸವಾದ ಕೈಗೆ ಟೈರಿನ ಪಿಸುಮಾತು ತಿಳಿಯುವುದು ನಿಧಾನ.

ನಂಬರ್ ಪ್ಯಾಡಿನ ಮೈನಸ್ ಕೀಲಿ ಒತ್ತುತ್ತಾ ಆ ಕಾರಿನ ಗೇನ್ ಅನ್ನು 62ಕ್ಕೆ ಇಳಿಸಿದೆ. ನನ್ನ ವ್ಹೀಲಿಗೆ, ಎಲೀಸ್‌ಗೆ ಆ ಅಂಕಿ. ನಿಮ್ಮದಕ್ಕೆ ಬೇರೆ ಇರುತ್ತದೆ, ಕೆಂಪು ಪಟ್ಟಿಯನ್ನೇ ಕೇಳಿ. ತಳದ ಗುದ್ದಿನಲ್ಲಿ ಈಗ ಪಟ್ಟಿ ಕಣ್ಣು ಮಿಟುಕಿಸುವಷ್ಟು ಹೊತ್ತು ಕೆಂಪಾಗಿ ಇಳಿಯುತ್ತದೆ. ಅಡೆನಾವರ್ ಫಾರ್ಸ್ಟ್ ತಿರುವಿನ ಕಡೆಗಿನ ಏರಿನಲ್ಲಿ ಎಡಕ್ಕೆ ಬಾಗುವಾಗ ಕೈ ಹಗುರಾದದ್ದು ತಿಳಿಯಿತು, ಆಕ್ಸಿಲರೇಟರ್ ಒಂದು ಕೂದಲಷ್ಟು ಬಿಟ್ಟೆ, ಮೂತಿ ಒಳಕ್ಕೆ ಬಂತು.

ಆರು ಸುತ್ತು ಓಡಿಸಿದೆ. ನನ್ನ ಅತಿ ವೇಗದ ಸುತ್ತು ಇನ್ನೂ ಹಳೆಯದೇ, ಅದು ಬದಲಾಗಲಿಲ್ಲ. ಆದರೆ ಆರರಲ್ಲಿ ಒಂದು ಸಲವೂ ಕಾರು ಬೇಲಿ ಮುಟ್ಟಲಿಲ್ಲ.